ಗಾಳಿಯಿಂದ ನಡೆಯುವ ಉಜ್ಜುಯಂತ್ರ: ಬಳಕೆಯಲ್ಲಿ ಎಚ್ಚರ

ಟ್ರ್ಯಾಕ್ಟರ್, ಟ್ರೇಲರ್, ಪವರ್ ಟಿಲ್ಲರ್, ಒಕ್ಕಣೆ ಯಂತ್ರ ಮುಂತಾದುವು ಇಂದು ಬಹುತೇಕ ಎಲ್ಲ ಹಳ್ಳಿಗಳಲ್ಲೂ ಬಳಕೆಯಲ್ಲಿವೆ. ಬಿಸಿಲು, ಮಳೆ, ರಸಗೊಬ್ಬರದ ಉಪ್ಪು ಮತ್ತು ಕೊಟ್ಟಿಗೆ ಗೊಬ್ಬರದ ತೇವಕ್ಕೆ ಸಿಕ್ಕಿದ ಕಬ್ಬಿಣ ಬೇಗನೆ ತುಕ್ಕು ಹಿಡಿಯುತ್ತದೆ. ಕಾಲಕಾಲಕ್ಕೆ ತುಕ್ಕು ಕೆರೆದು, ತಗ್ಗುಗಳಿಗೆ ಪುಟ್ಟಿ ತುಂಬಿ, ಉಜ್ಜಿ ನಯಗೊಳಿಸಿ ಬಣ್ಣ ಹೊಡೆಸಿದರೆ ಯಂತ್ರದ ಆಯುಷ್ಯ ಹೆಚ್ಚುತ್ತದೆ. ಮಾರುವಾಗ ಬೆಲೆಯೂ ಸಿಗುತ್ತದೆ. ರಾಗಿ ಒಕ್ಕಣೆ ಮುಗಿದ ಮೇಲೆ, ಮುಂಗಾರಿನ ಉಳುಮೆಗೆ ಮುನ್ನ ಸಿಗುವ ಬಿಡುವು ಈ ಕೆಲಸಕ್ಕೆ ಅನುಕೂಲವಾದ ಕಾಲ.

ಹಿಂದೆ ಉಪ್ಪುಕಾಗದ ಹಿಡಿದು ಕೈಯಿಂದಲೇ ದಿನಗಟ್ಟಲೆ ಉಜ್ಜುತ್ತಿದ್ದರು. ಈಗ ಗಾಳಿಯ ಒತ್ತಡದಿಂದ ನಡೆಯುವ ಉಜ್ಜುಯಂತ್ರಗಳು ಬಂದಿವೆ. ಗ್ಯಾರೇಜಿನವರು ಇದನ್ನು ಏರ್ ಸ್ಯಾಂಡರ್ ಎನ್ನುತ್ತಾರೆ. ಇದರಿಂದ ದಿನಗಳ ಕೆಲಸ ಗಂಟೆಗಳಲ್ಲಿ ಮುಗಿಯುತ್ತದೆ. ಕೆಲಸ ಬೇಗ ಮುಗಿದಂತೆಯೇ ಧೂಳೂ ಅಷ್ಟೇ ಬೇಗ, ಅಷ್ಟೇ ಹೆಚ್ಚಾಗಿ ಏಳುತ್ತದೆ. ಈ ಅಂಶಕ್ಕೆ ಸಾಕಷ್ಟು ಗಮನ ಸಿಕ್ಕಿಲ್ಲ.

ಹೊಸಕೋಟೆ, ಮಾಲೂರು, ಕೋಲಾರ, ಚಿಂತಾಮಣಿ ಕಡೆಯ ರೈತರಿಗೆ ಹಳೇ ಮದ್ರಾಸ್ ರಸ್ತೆ ಚಿರಪರಿಚಿತ. ಹಲಸೂರಿನಿಂದ ಹೊರಟು ಇಂದಿರಾನಗರದ ಅಂಚಿನಲ್ಲಿ ಹಾದು ಕೃಷ್ಣರಾಜಪುರದ ಮೂಲಕ ಹೊಸಕೋಟೆ ಸೇರುವ ಈ ದಾರಿಯ ಆಸುಪಾಸಿನಲ್ಲಿ ವಾಹನ ರಿಪೇರಿ, ಟಿಂಕರಿಂಗ್ ಮತ್ತು ಬಣ್ಣದ ಷೆಡ್ಡುಗಳು ಅನೇಕವಾಗಿವೆ. ಹಳೆಯ ಬಿಡಿಭಾಗ ಬೇಕಾದವರು ಶಿವಾಜಿನಗರದ ಗುಜರಿ ಅಂಗಡಿಗಳಿಗೆ ಹೋಗುತ್ತಾರೆ. ಬೆಂಗಳೂರಿನ ಪೂರ್ವ ಭಾಗದಲ್ಲಿ 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ದೂರವಾಣಿನಗರದ ಐ.ಟಿ.ಐ. ಕಾರ್ಖಾನೆ ಆರಂಭವಾದವು. ಅಂಥ ದೊಡ್ಡ ಕಾರ್ಖಾನೆಗಳಲ್ಲಿ ಸುರಕ್ಷತೆ ನೋಡಿಕೊಳ್ಳಲು ಅಧಿಕಾರಿಗಳಿರುತ್ತಾರೆ, ವೈದ್ಯರಿರುತ್ತಾರೆ. ಮೂರು ನಾಲ್ಕು ಮಂದಿ ದುಡಿಯುವ ಷೆಡ್ಡಿನಲ್ಲಿ ಯಜಮಾನನೂ ಕೆಲಸಗಾರರೂ ತಾವೇ ಎಚ್ಚರ ವಹಿಸಬೇಕು. ಇಂಥ ಷೆಡ್ಡುಗಳಲ್ಲಿ ಕೆಲಸ ಕಲಿಯಲು ಸೇರುವವರಲ್ಲಿ ರೈತರ ಮನೆಯ ಹುಡುಗರೂ ಇದ್ದಾರೆ. ಕೆಲಸ ಕಲಿತವರು ಊರಿಗೆ ಮರಳಿ ಸ್ವಂತ ಷೆಡ್ಡು ಹಾಕುವುದೂ ಉಂಟು. ಆದುದರಿಂದ ಈ ವಿಷಯ ಪಟ್ಟಣಕ್ಕೆ ಎಷ್ಟು ಸಂಬಂಧಿಸಿದೆಯೋ ಹಳ್ಳಿಗೂ ಅಷ್ಟೇ ಸಂಬಂಧಿಸಿದೆ.

ಯಂತ್ರ ಕೆಲಸ ಮಾಡುವ ಬಗೆ

ಕಂಪ್ರೆಸರ್ ಹೊರಗಿನ ಗಾಳಿಯನ್ನು ಎಳೆದು, ಒತ್ತಿ, ಟ್ಯಾಂಕಿನಲ್ಲಿ ತುಂಬುತ್ತದೆ. ಅಲ್ಲಿಂದ ಪೈಪಿನ ಮೂಲಕ ಬಂದ ಗಾಳಿ ಉಜ್ಜುಯಂತ್ರದ ಒಳಗಿನ ಪುಟ್ಟ ರೆಕ್ಕೆಗಳನ್ನು ತಿರುಗಿಸುತ್ತದೆ. ರೆಕ್ಕೆಗಳಿಗೆ ಜೋಡಿಸಿದ ಪ್ಯಾಡು ತಿರುಗುತ್ತದೆ. ಪ್ಯಾಡಿಗೆ ಅಂಟಿಸಿದ ಉಪ್ಪುಕಾಗದದ ಬಿಲ್ಲೆ ಕಬ್ಬಿಣ, ಪುಟ್ಟಿ ಅಥವಾ ಮರವನ್ನು ಉಜ್ಜುತ್ತದೆ. ಪ್ಯಾಡು ಬರಿದೇ ಸುತ್ತುವ ಬಗೆಯೂ, ಸುತ್ತುವುದರ ಜೊತೆಗೆ ಅತ್ತಿತ್ತ ಅಲುಗುವ ಬಗೆಯೂ ಇವೆ. ನಯವಾದ ಕೆಲಸಕ್ಕೆ ಎರಡನೆಯದನ್ನು ಬಳಸುತ್ತಾರೆ.

ಇಂಥ ಬಹುತೇಕ ಯಂತ್ರಗಳು ಚದರ ಅಂಗುಲಕ್ಕೆ 90 ಪೌಂಡು, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 6.3 ಕಿಲೋ ಒತ್ತಡದಲ್ಲಿ ನಡೆಯುತ್ತವೆ. ನಿಮಿಷಕ್ಕೆ 10,000ದಿಂದ 12,000 ಸುತ್ತು ಸಾಮಾನ್ಯ. 5 ಅಂಗುಲ ಅಗಲದ ಬಿಲ್ಲೆ 12,000 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಗಂಟೆಗೆ 280 ಕಿಲೋಮೀಟರಿಗೂ ಹೆಚ್ಚಾಗುತ್ತದೆ. ಆ ವೇಗದಲ್ಲಿ ಹರಿದು ಸಿಡಿದ ಚೂರು ಕಣ್ಣಿಗೆ ಬಡಿದರೆ ದೃಷ್ಟಿಯೇ ಹೋಗಬಹುದು.

ವಿದ್ಯುತ್ ಉಜ್ಜುಯಂತ್ರಕ್ಕೆ ಹೋಲಿಸಿದರೆ ಗಾಳಿಯಂತ್ರ ಹಗುರ, ಬೇಗ ಬಿಸಿಯಾಗುವುದಿಲ್ಲ. ಕೈಯಲ್ಲಿರುವ ಭಾಗದಲ್ಲಿ ವಿದ್ಯುತ್ ಇಲ್ಲದಿರುವುದರಿಂದ ನೀರು ಚಿಮುಕಿಸಿ ಉಜ್ಜುವಾಗಲೂ ಷಾಕ್ ಹೊಡೆಯುವ ಭಯವಿಲ್ಲ. ಇವೆಲ್ಲ ನಿಜವಾದ ಅನುಕೂಲಗಳೇ. ಆದರೆ "ಇದರಲ್ಲಿ ಕರೆಂಟಿಲ್ಲ, ಹೀಗಾಗಿ ಅಪಾಯವೂ ಇಲ್ಲ" ಎಂಬ ನಂಬಿಕೆ ಮಾತ್ರ ತಪ್ಪು. ಇದರಲ್ಲಿ ಮುಖ್ಯವಾಗಿ ಎರಡು ಅಪಾಯಗಳಿವೆ. ಒಂದು, ಒತ್ತಡದ ಗಾಳಿ. ಇದು ಕ್ಷಣದಲ್ಲಿ ಗಾಯ ಮಾಡುತ್ತದೆ. ಇನ್ನೊಂದು, ಧೂಳು, ಇದು ವರ್ಷಗಟ್ಟಲೆ ಸದ್ದಿಲ್ಲದೆ ಕೆಲಸ ಮಾಡುತ್ತದೆ. ಮೊದಲನೆಯದಕ್ಕೆ ಜನ ಸ್ವಲ್ಪ ಹೆದರುತ್ತಾರೆ. ಎರಡನೆಯದಕ್ಕೆ ಹೆದರುವವರು ವಿರಳ. ಆದರೆ ಹೆಚ್ಚು ಕೇಡು ಮಾಡುವುದು ಎರಡನೆಯದೇ.

ಒತ್ತಡದ ಗಾಳಿಯ ಶಕ್ತಿ

ಟ್ರ್ಯಾಕ್ಟರಿನ ಹಿಂಚಕ್ರಕ್ಕೆ ಸಾಮಾನ್ಯವಾಗಿ 12ರಿಂದ 16 ಪೌಂಡು, ಮುಂಚಕ್ರಕ್ಕೆ ಸುಮಾರು 30 ಪೌಂಡು ಗಾಳಿ ಹಿಡಿಸುತ್ತಾರೆ. ಉಜ್ಜುಯಂತ್ರದ ಪೈಪಿನಲ್ಲಿರುವ 90 ಪೌಂಡು ಮುಂಚಕ್ರದ ಗಾಳಿಗಿಂತ ಮೂರು ಪಟ್ಟು. ಈ ಹೋಲಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಪೈಪನ್ನು ಆಟದ ವಸ್ತುವಿನಂತೆ ಯಾರೂ ಕಾಣಲಾರರು.

ಕೆಲಸ ಮುಗಿದ ಮೇಲೆ ಅದೇ ಪೈಪಿನಿಂದ ಮೈಮೇಲಿನ, ಬಟ್ಟೆಯ ಮೇಲಿನ ಧೂಳನ್ನು ಊದಿಕೊಳ್ಳುವುದು ಅನೇಕ ಷೆಡ್ಡುಗಳಲ್ಲಿ ರೂಢಿ. ಇದು ಬಹಳ ಕೆಟ್ಟ ರೂಢಿ. ಚರ್ಮದಲ್ಲಿ ಸಣ್ಣ ಗಾಯವಿದ್ದರೂ ಗಾಳಿ ಅದರ ಮೂಲಕ ಒಳನುಗ್ಗಿ ಮಾಂಸದ ಪದರಗಳನ್ನು ಬೇರ್ಪಡಿಸಬಲ್ಲದು. ಕಿವಿಯ ತಮಟೆ ಹರಿಯಬಹುದು. ಕಣ್ಣಿಗೆ ಲೋಹದ ಪುಡಿ ನಾಟಬಹುದು. ಬಟ್ಟೆಯ ಮೇಲೆ ಕೂತಿದ್ದ ಧೂಳು ಮತ್ತೆ ಎದ್ದು ಮೂಗಿಗೆ ಬರುತ್ತದೆ. ಅಮೆರಿಕದ ನಿಯಮದಂತೆ ಯಂತ್ರ ಸ್ವಚ್ಛ ಮಾಡಲು ಬಳಸುವ ಗಾಳಿಯ ಒತ್ತಡ 30 ಪೌಂಡಿಗಿಂತ ಕಡಿಮೆ ಇರಬೇಕು, ಚೂರುಗಳು ಸಿಡಿಯದಂತೆ ತಡೆಯೂ ಇರಬೇಕು. ಮೈಗೆ ಊದಿಕೊಳ್ಳುವುದಂತೂ ಯಾವ ಒತ್ತಡದಲ್ಲೂ ಸಲ್ಲದು.

ತಮಾಷೆಗೆ ಒಬ್ಬರ ಮೇಲೊಬ್ಬರು ಗಾಳಿ ಬಿಡುವುದು ಪ್ರಾಣಕ್ಕೇ ಎರವಾಗಬಹುದು. 2024ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಒಂದು ವಾಹನ ಸರ್ವಿಸ್ ಕೇಂದ್ರದಲ್ಲಿ ಗೆಳೆಯರಿಬ್ಬರ ಚೇಷ್ಟೆಯ ನಡುವೆ ಗಾಳಿ ಪೈಪನ್ನು ಗುದದ್ವಾರಕ್ಕೆ ಹಿಡಿದುದರಿಂದ ಕರುಳಿಗೆ ಪೆಟ್ಟಾಗಿ 24 ವರ್ಷದ ಯುವಕನೊಬ್ಬ ತೀರಿಕೊಂಡನು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರಿಗೆ ಮೊದಲ ದಿನವೇ ಈ ಸಂಗತಿಯನ್ನು ತಿಳಿಸಿ ಹೇಳುವುದು ಯಜಮಾನನ ಕರ್ತವ್ಯ.

ಪೈಪಿನ ಜೋಡಣೆ ಕಳಚಿಕೊಂಡರೆ ಅದು ಹೆಡೆ ತುಳಿದ ಹಾವಿನಂತೆ ಹೊರಳಿ ಬಡಿಯುತ್ತದೆ. ಆಗ ಪೈಪನ್ನು ಹಿಡಿಯಲು ಹೋಗಬಾರದು. ದೂರ ಸರಿದು ಟ್ಯಾಂಕಿನ ವಾಲ್ವನ್ನು ಮುಚ್ಚಬೇಕು. ಹಳೆಯ ಪೈಪಿಗೆ ತಂತಿ ಬಿಗಿದು ಕೆಲಸ ನಡೆಸುವುದು ಸರಿಯಲ್ಲ. ಸರಿಯಾದ ಅಳತೆಯ ಕ್ಲಾಂಪು ಹಾಕಬೇಕು. ಉಬ್ಬಿದ, ಬಿರುಕು ಬಿಟ್ಟ ಪೈಪನ್ನು ಬದಲಿಸಬೇಕು.

ಟ್ಯಾಂಕಿನ ವಿಚಾರದಲ್ಲೂ ಎಚ್ಚರ ಅಗತ್ಯ. ಗಾಳಿಯೊಡನೆ ಬಂದ ನೀರಿನ ಅಂಶ ಟ್ಯಾಂಕಿನ ತಳದಲ್ಲಿ ಸೇರಿ ಒಳಗಿನಿಂದ ತುಕ್ಕು ಹಿಡಿಸುತ್ತದೆ. ಹೊರಗಿನ ಬಣ್ಣ ಚೆನ್ನಾಗಿಯೇ ಕಂಡರೂ ತಗಡು ಒಳಗೆ ಸವೆದು ತೆಳುವಾಗಿರಬಹುದು. ಆದುದರಿಂದ ಪ್ರತಿದಿನ ಕೆಲಸ ಮುಗಿದ ಮೇಲೆ ತಳದ ತಿರುಪು ಬಿಚ್ಚಿ ನೀರನ್ನು ಹೊರಬಿಡಬೇಕು. ಸೇಫ್ಟಿ ವಾಲ್ವು ಸಿಕ್ಕಿಕೊಂಡಿಲ್ಲವೆಂಬುದನ್ನು ಆಗಾಗ್ಗೆ ನೋಡಬೇಕು. ಅದು ಸೋರುತ್ತದೆಂದು ಮುಚ್ಚಿಬಿಡುವುದು ಟ್ಯಾಂಕು ಸಿಡಿಯಲು ದಾರಿ ಮಾಡಿಕೊಟ್ಟಂತೆ. ಗುಜರಿಯಲ್ಲಿ ಸಿಗುವ ಹಳೆಯ ಅಡುಗೆ ಅನಿಲದ ಸಿಲಿಂಡರು ಅಥವಾ ಡ್ರಮ್ಮುಗಳನ್ನು ಗಾಳಿಯ ಟ್ಯಾಂಕಾಗಿ ಮಾಡಿಕೊಳ್ಳಲೇಬಾರದು.

ಕಂಪ್ರೆಸರಿನ ಶಕ್ತಿಯೂ ಯಂತ್ರಕ್ಕೆ ತಕ್ಕಂತಿರಬೇಕು. 1 ಅಶ್ವಶಕ್ತಿಯ ಕಂಪ್ರೆಸರು 90 ಪೌಂಡು ಒತ್ತಡದಲ್ಲಿ ನಿಮಿಷಕ್ಕೆ ಸುಮಾರು 3ರಿಂದ 4 ಘನ ಅಡಿ ಗಾಳಿ ಕೊಡುತ್ತದೆ. ಉಜ್ಜುಯಂತ್ರ ಸತತವಾಗಿ ನಡೆಯಲು ಅನೇಕ ವೇಳೆ 12ರಿಂದ 16 ಘನ ಅಡಿ ಬೇಕಾಗುತ್ತದೆ. ಪಂಕ್ಚರು ಅಂಗಡಿಯ 2 ಅಶ್ವಶಕ್ತಿಯ ಕಂಪ್ರೆಸರಿಗೆ ಇದನ್ನು ಜೋಡಿಸಿದರೆ ಒತ್ತಡ ಬೇಗನೆ ಇಳಿಯುತ್ತದೆ, ಯಂತ್ರ ನಿಧಾನವಾಗುತ್ತದೆ. ಆಗ ಕೆಲಸಗಾರ ಮೈಭಾರ ಹಾಕಿ ಒತ್ತುತ್ತಾನೆ. ಕೆಲಸವೂ ಕೆಡುತ್ತದೆ, ಕೈಗೆ ತಾಗುವ ಅದುರುವಿಕೆಯೂ ಹೆಚ್ಚುತ್ತದೆ. ಇದಕ್ಕೆ ವಿರುದ್ಧವಾಗಿ, ರೆಗ್ಯುಲೇಟರ್ ಇಲ್ಲದೆ ಟ್ಯಾಂಕಿನ ಪೂರ್ಣ ಒತ್ತಡವನ್ನೇ ಯಂತ್ರಕ್ಕೆ ಕೊಟ್ಟರೆ ಅದು ನಿಗದಿಯಾದ ವೇಗ ಮೀರಿ ತಿರುಗಿ ಬಿಲ್ಲೆ ಸಿಡಿಯುವ ಸಂಭವವಿದೆ.

ಕಾಣುವ ಧೂಳು, ಕಾಣದ ಧೂಳು

ಉಜ್ಜುವಾಗ ಏಳುವ ಧೂಳಿನಲ್ಲಿ ಎರಡು ಬಗೆಯುಂಟು. ದಪ್ಪ ಕಣಗಳು ಕಣ್ಣಿಗೆ ಕಾಣುತ್ತವೆ, ಬೇಗ ನೆಲಕ್ಕೆ ಬೀಳುತ್ತವೆ, ಮೂಗಿನ ಕೂದಲಲ್ಲಿ ಸಿಕ್ಕಿಕೊಳ್ಳುತ್ತವೆ. ಇವುಗಳಿಂದ ಕೆಮ್ಮು ಬರಬಹುದು, ಆದರೆ ದೇಹ ಇವನ್ನು ಹೊರಹಾಕುತ್ತದೆ. 5 ಮೈಕ್ರಾನಿಗಿಂತ ಸಣ್ಣ ಕಣಗಳ ಕಥೆ ಬೇರೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಈ ಸಣ್ಣ ಕಣಗಳು ಶ್ವಾಸಕೋಶದ ಕಟ್ಟಕಡೆಯ ಗಾಳಿಗೂಡುಗಳವರೆಗೆ ಇಳಿದು ಅಲ್ಲೇ ಉಳಿಯಬಲ್ಲವು.

ಇವು ಬೇಗ ನೆಲಕ್ಕೂ ಇಳಿಯುವುದಿಲ್ಲ. ನೀರಿನಷ್ಟು ಸಾಂದ್ರತೆಯ 5 ಮೈಕ್ರಾನಿನ ಕಣ ಅಲುಗದ ಗಾಳಿಯಲ್ಲಿ ಆಳೆತ್ತರದಿಂದ ನೆಲ ಮುಟ್ಟಲು ಸುಮಾರು ಅರ್ಧ ಗಂಟೆ ಬೇಕು. 1 ಮೈಕ್ರಾನಿನ ಕಣಕ್ಕೆ ಸುಮಾರು ಅರ್ಧ ದಿನವೇ ಬೇಕು. ಆದುದರಿಂದ ಯಂತ್ರ ನಿಲ್ಲಿಸಿ ಮುಖವಾಡ ತೆಗೆದು ಅಲ್ಲೇ ಕುಳಿತು ಬುತ್ತಿ ಬಿಚ್ಚುವವರು ಊಟದ ಜೊತೆ ಧೂಳನ್ನೂ ಒಳಗೆ ತೆಗೆದುಕೊಳ್ಳುತ್ತಾರೆ. ಇದನ್ನು ಪರೀಕ್ಷಿಸಲು ಸುಲಭ ಉಪಾಯವಿದೆ. ಸಂಜೆ ಕೆಲಸ ನಿಂತ ಕಾಲು ಗಂಟೆಯ ಬಳಿಕ ಷೆಡ್ಡಿನ ದೀಪ ಆರಿಸಿ ಟಾರ್ಚು ಬೆಳಗಿಸಿ, ಬೆಳಕಿನ ಕೋಲನ್ನು ಪಕ್ಕದಿಂದ ನೋಡಬೇಕು. ಬರಿಗಣ್ಣಿಗೆ ಸ್ವಚ್ಛವೆನಿಸಿದ್ದ ಗಾಳಿಯಲ್ಲಿ ಧೂಳು ತೇಲಾಡುವುದು ಆಗ ಕಾಣುತ್ತದೆ.

ಧೂಳಿನಿಂದಾಗುವ ಕೇಡು ಎಂಥದು ಎಂಬುದಕ್ಕೆ ದೂರ ಹೋಗಬೇಕಿಲ್ಲ. ಹಳೇ ಮದ್ರಾಸ್ ರಸ್ತೆಯಲ್ಲೇ ಪೂರ್ವಕ್ಕೆ ಸಾಗಿದರೆ ಕೋಲಾರ ಜಿಲ್ಲೆ ಸಿಗುತ್ತದೆ. ಅಲ್ಲಿನ ಚಿನ್ನದ ಗಣಿಗಳಲ್ಲಿ ಒತ್ತಡದ ಗಾಳಿಯಿಂದ ನಡೆಯುವ ಡ್ರಿಲ್ಲುಗಳಿಂದ ಬಂಡೆ ಕೊರೆಯುತ್ತಿದ್ದರು. ಕಲ್ಲಿನ ಸಿಲಿಕಾ ಧೂಳು ಎದೆಗೂಡು ಸೇರಿ ಗಣಿ ಕೆಲಸಗಾರರಿಗೆ ಸಿಲಿಕೋಸಿಸ್ ಎಂಬ ರೋಗ ತಂದಿತು. ಇದರಲ್ಲಿ ಶ್ವಾಸಕೋಶ ಗಂಟುಗಂಟಾಗಿ ಗಡಸಾಗುತ್ತದೆ, ಉಸಿರು ಸಾಲದಾಗುತ್ತದೆ. ಕ್ಷಯ ರೋಗ ತಗಲುವ ಸಂಭವವೂ ಹೆಚ್ಚು. ಒಮ್ಮೆ ಬಂದರೆ ವಾಸಿಯಾಗುವುದಿಲ್ಲ. ಮೈಸೂರು ಸರ್ಕಾರ 1940ರಲ್ಲೇ ಸಿಲಿಕೋಸಿಸ್ ನಿಯಮಗಳನ್ನು ತಂದು ಇದನ್ನು ಪರಿಹಾರಕ್ಕೆ ಅರ್ಹವಾದ ರೋಗವೆಂದು ಒಪ್ಪಿತು. ಗಣಿಗಳು 2001ರಲ್ಲಿ ಮುಚ್ಚಿದವು. ಗಣಿ ಕೆಲಸ ಜಗತ್ತಿಗೆ ಕಲಿಸಿದ ಪಾಠ ಸರಳವಾದುದು: ಕೊರೆಯುವ ಜಾಗಕ್ಕೆ ನೀರು ಬಿಟ್ಟರೆ ಧೂಳು ಏಳುವುದಿಲ್ಲ. ಧೂಳನ್ನು ಹುಟ್ಟುವಲ್ಲೇ ತಡೆಯಬೇಕು, ಎದ್ದ ಮೇಲೆ ಓಡಿಸಲು ಹೋಗಬಾರದು. ಉಜ್ಜುವ ಕೆಲಸಕ್ಕೂ ಇದೇ ಪಾಠ ಅನ್ವಯಿಸುತ್ತದೆ.

ಇಂದಿನ ಉಪ್ಪುಕಾಗದದಲ್ಲಿ ಬಹುಮಟ್ಟಿಗೆ ಮರಳಿರುವುದಿಲ್ಲ. ಅಲ್ಯುಮಿನಿಯಂ ಆಕ್ಸೈಡ್ ಅಥವಾ ಸಿಲಿಕಾನ್ ಕಾರ್ಬೈಡ್ ಹರಳುಗಳಿರುತ್ತವೆ. ಧೂಳಿನ ಗುಣವನ್ನು ಹೆಚ್ಚಾಗಿ ನಿರ್ಧರಿಸುವುದು ಉಜ್ಜುವ ವಸ್ತು. ಕಲ್ಲು, ಸಿಮೆಂಟು ಉಜ್ಜಿದರೆ ಸಿಲಿಕಾ. ಪುಟ್ಟಿ ಉಜ್ಜಿದರೆ ಬಳಪದ ಕಲ್ಲಿನ ಪುಡಿ ಮತ್ತು ರಾಳ. ಟ್ರೇಲರಿನ ಹಲಗೆ, ಬಾಗಿಲು, ಪೀಠೋಪಕರಣ ಉಜ್ಜಿದರೆ ಮರದ ಹಿಟ್ಟು. ಮರದ ಹಿಟ್ಟು ನಿರುಪದ್ರವಿ ಎಂದು ಅನೇಕರು ತಿಳಿದಿದ್ದಾರೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮನುಷ್ಯರಲ್ಲಿ ಮೂಗಿನ ಕ್ಯಾನ್ಸರಿಗೆ ಕಾರಣವಾಗುವ ವಸ್ತುಗಳ ಪಟ್ಟಿಗೆ 1995ರಲ್ಲೇ ಸೇರಿಸಿದೆ. ತೇಗ, ಬೀಟೆಯಂಥ ಮರಗಳ ಧೂಳಿನಿಂದ ಕೆಲವರಿಗೆ ಮೈ ತುರಿಕೆ, ಉಬ್ಬಸ ಬರುವುದೂ ಉಂಟು.

ಹಳೆಯ ಬಣ್ಣದಲ್ಲಿರುವ ಸೀಸ

ಕೃಷಿ ಯಂತ್ರಗಳ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದುದು ಹಳೆಯ ಬಣ್ಣದ ಧೂಳಿಗೆ. ಹಿಂದೆ ಕಬ್ಬಿಣಕ್ಕೆ ಅಸ್ತರಿಯಾಗಿ ರೆಡ್ ಲೆಡ್, ಅಂದರೆ ಸೀಸದಿಂದ ಮಾಡಿದ ಕೆಂಪು ಬಣ್ಣವನ್ನು ಬಳಿಯುತ್ತಿದ್ದರು. ಹಳದಿ, ಕಿತ್ತಳೆ ಬಣ್ಣಗಳಿಗೆ ಸೀಸದ ಕ್ರೋಮೇಟನ್ನು ಬೆರೆಸುತ್ತಿದ್ದರು. ಈಗ ಸಾಮಾನ್ಯವಾಗಿ ಸಿಗುವ ರೆಡ್ ಆಕ್ಸೈಡ್ ಕಬ್ಬಿಣದ ಆಕ್ಸೈಡು, ಸೀಸವಲ್ಲ. ಆದರೆ ರೆಡ್ ಆಕ್ಸೈಡ್ ಜಿಂಕ್ ಕ್ರೋಮ್ ಎಂಬ ಪ್ರೈಮರಿನಲ್ಲಿ ಕ್ರೋಮೇಟ್ ಇರುತ್ತದೆ. ಅದರ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗಬಲ್ಲದು. ಮನೆಗೆ ಹೊಡೆಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ಕೇಂದ್ರ ಸರ್ಕಾರದ ನಿಯಮ 2017ರ ನವೆಂಬರ್ 1ರಿಂದ ಜಾರಿಯಲ್ಲಿದೆ. ಈ ನಿಯಮ ಮನೆ ಮತ್ತು ಅಲಂಕಾರದ ಬಣ್ಣಗಳಿಗೆ ಮಾತ್ರ ಸಂಬಂಧಿಸಿದ್ದು. ಆದುದರಿಂದ ಹಳೆಯ ಟ್ರ್ಯಾಕ್ಟರು, ಟ್ರೇಲರು, ಕಬ್ಬಿಣದ ಗೇಟುಗಳ ಬಣ್ಣದಲ್ಲಿ ಸೀಸ ಇದೆಯೆಂದೇ ಭಾವಿಸಿ ಕೆಲಸ ಮಾಡುವುದು ಕ್ಷೇಮ.

ಸೀಸ ಉಸಿರಿನಿಂದಲೂ, ತೊಳೆಯದ ಕೈಯಿಂದ ತಿಂದ ಊಟದಿಂದಲೂ, ಬೀಡಿಯಿಂದಲೂ ದೇಹ ಸೇರುತ್ತದೆ. ಮೂಳೆಯಲ್ಲಿ ವರ್ಷಗಟ್ಟಲೆ ನಿಲ್ಲುತ್ತದೆ. ಹೊಟ್ಟೆ ನುಲಿತ, ಮಲಬದ್ಧತೆ, ರಕ್ತಹೀನತೆ, ಕೀಲುನೋವು, ಮುಂಗೈ ಸೋತು ಜೋತುಬೀಳುವುದು ಇದರ ಲಕ್ಷಣಗಳು. ಮಕ್ಕಳಿಗೆ ಇದು ಇನ್ನೂ ಹೆಚ್ಚು ಹಾನಿಕರ. ಅವರ ಬುದ್ಧಿಯ ಬೆಳವಣಿಗೆಯೇ ಕುಂಠಿತವಾಗುತ್ತದೆ. ಇಷ್ಟು ಸೀಸ ಇದ್ದರೆ ಪರವಾಗಿಲ್ಲ ಎಂಬ ಸುರಕ್ಷಿತ ಮಟ್ಟ ಯಾವುದೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ತಂದೆಯ ಬಟ್ಟೆಗೆ ಅಂಟಿದ ಧೂಳು ಮನೆಗೆ ಬಂದು ಹಾಸಿಗೆ ಸೇರಿದರೆ ಕಾರ್ಖಾನೆ ನೋಡದ ಮಗುವಿಗೂ ಸೀಸ ತಗಲುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನ ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಅವರು ಸೀಸದ ವಿಷದ ಬಗ್ಗೆ ದೇಶದಲ್ಲಿ ಎಚ್ಚರ ಮೂಡಿಸಲು ದೀರ್ಘಕಾಲ ಶ್ರಮಿಸಿದರು.

ದನಕರು, ಮೇವು ಮತ್ತು ಹಿತ್ತಲು

ಟ್ರೇಲರನ್ನು ಮನೆಯಂಗಳದಲ್ಲೋ ಕಣದಲ್ಲೋ ನಿಲ್ಲಿಸಿ ಉಜ್ಜಿಸುವುದು ಈಗ ಹಳ್ಳಿಗಳಲ್ಲಿ ಆರಂಭವಾಗಿದೆ. ಇಲ್ಲಿ ಪಟ್ಟಣದ ಷೆಡ್ಡಿನಲ್ಲಿಲ್ಲದ ಅಪಾಯವೊಂದಿದೆ. ದನಗಳಿಗೆ ಆಗುವ ವಿಷಬಾಧೆಗಳಲ್ಲಿ ಸೀಸದ ವಿಷ ಪ್ರಮುಖವಾದುದು. ಕರುಗಳು ಬಣ್ಣದ ಹಕ್ಕಳೆಗಳನ್ನು ನೆಕ್ಕುವ ಸ್ವಭಾವದವು. ಸೀಸ ಸೇರಿದ ಕರು ಕುರುಡಾದಂತೆ ಗೋಡೆಗೆ ತಲೆ ಒತ್ತುತ್ತದೆ, ಹಲ್ಲು ಕಡಿಯುತ್ತದೆ, ಸುತ್ತು ಹಾಕುತ್ತದೆ. ಅನೇಕ ವೇಳೆ ಸಾಯುತ್ತದೆ. ಹಾಲಿನಲ್ಲಿಯೂ ಸೀಸ ಹೊರಬರುತ್ತದೆ.

ಆದುದರಿಂದ ಹುಲ್ಲಿನ ಬಣವೆ, ಕೊಟ್ಟಿಗೆ, ನೀರಿನ ತೊಟ್ಟಿ, ಬಾವಿ ಇವುಗಳ ಸಮೀಪ ಉಜ್ಜುವ ಕೆಲಸ ಕೂಡದು. ಕಣದಲ್ಲಂತೂ ಬೇಡವೇ ಬೇಡ; ಮುಂದಿನ ಸುಗ್ಗಿಯ ರಾಗಿ ಅದೇ ನೆಲದ ಮೇಲೆ ಹರಡುವುದು. ರೇಷ್ಮೆ ಬೆಳೆಯುವ ಊರುಗಳಲ್ಲಿ ಹಿಪ್ಪುನೇರಳೆ ತೋಟ ಮತ್ತು ಹುಳು ಸಾಕುವ ಮನೆಯಿಂದ ದೂರವಿರಬೇಕು. ಸೀಸ ಮಣ್ಣಿನಲ್ಲಿ ಕೊಳೆತು ಹೋಗುವ ವಸ್ತುವಲ್ಲ, ಬಿದ್ದಲ್ಲೇ ಉಳಿಯುತ್ತದೆ. ಸೊಪ್ಪು ತರಕಾರಿಯ ಮಡಿಗಳಿರುವ ಹಿತ್ತಲಿನಲ್ಲಿ ಅದು ಬೀಳದಂತೆ ನೋಡಿಕೊಳ್ಳಬೇಕು. ಕೆಲಸ ಮಾಡಲೇಬೇಕಾದರೆ ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಬಿದ್ದುದನ್ನು ಒದ್ದೆ ಮಾಡಿ ಒಟ್ಟುಗೂಡಿಸಿ ಚೀಲದಲ್ಲಿ ಕಟ್ಟಿಡಬೇಕು. ತಿಪ್ಪೆಗೆ ಸುರಿದರೆ ಗೊಬ್ಬರದ ಮೂಲಕ ಹೊಲ ಸೇರುತ್ತದೆ.

ಔಷಧಿ ಸಿಂಪರಣೆಯ ಟ್ಯಾಂಕು, ಗೊಬ್ಬರ ಎರಚುವ ಯಂತ್ರಗಳನ್ನು ಉಜ್ಜುವುದಕ್ಕೆ ಮುನ್ನ ಸೋಪಿನ ನೀರಿನಿಂದ ಚೆನ್ನಾಗಿ ತೊಳೆದು ಒಣಗಿಸಬೇಕು. ಇಲ್ಲದಿದ್ದರೆ ಅಂಟಿದ್ದ ಕೀಟನಾಶಕವೂ ಧೂಳಿನೊಡನೆ ಮೂಗಿಗೆ ಬರುತ್ತದೆ.

ಧೂಳನ್ನು ತಡೆಯುವ ಕ್ರಮ

ಧೂಳು ತಡೆಯಲು ನಾಲ್ಕು ಮೆಟ್ಟಿಲುಗಳಿವೆ. ಮೇಲಿನದು ಸಾಧ್ಯವಾಗದಿದ್ದಾಗ ಮಾತ್ರ ಕೆಳಗಿನದನ್ನು ನೆಚ್ಚಬೇಕು.

1. ಧೂಳೇಳದ ವಿಧಾನ: ಸೀಸವಿರಬಹುದಾದ ಹಳೆಯ ಬಣ್ಣವನ್ನು ಯಂತ್ರದಿಂದ ಒಣದಾಗಿ ಉಜ್ಜಬಾರದು. ಬಣ್ಣ ಬಿಡಿಸುವ ದ್ರಾವಣ ಹಚ್ಚಿ ಕೆರೆಯಬಹುದು, ಅಥವಾ ವಾಟರ್ ಪೇಪರಿನಿಂದ ನೀರು ಹಾಕಿ ಕೈಯಲ್ಲಿ ಉಜ್ಜಬಹುದು. ಬೆಂಕಿಯಿಂದ ಸುಡುವುದು ಕೂಡದು. ಸೀಸ ಹೊಗೆಯಾಗಿ ಏಳುತ್ತದೆ. ತೊಳೆದ ನೀರನ್ನು ಕಾಲುವೆಗೆ ಬಿಡಬಾರದು.

2. ಹುಟ್ಟುವಲ್ಲೇ ಹೀರುವುದು: ಪ್ಯಾಡಿನಲ್ಲಿ ತೂತುಗಳಿದ್ದು ಧೂಳನ್ನು ಚೀಲಕ್ಕೆ ಅಥವಾ ಹೀರುಯಂತ್ರಕ್ಕೆ ಎಳೆದುಕೊಳ್ಳುವ ಉಜ್ಜುಯಂತ್ರಗಳು ಸಿಗುತ್ತವೆ. ಕೊಳ್ಳುವುದಾದರೆ ಇಂಥದನ್ನೇ ಕೊಳ್ಳಬೇಕು. ಬಿಲ್ಲೆಯ ತೂತುಗಳೂ ಪ್ಯಾಡಿನ ತೂತುಗಳೂ ಒಂದಕ್ಕೊಂದು ಕೂಡಿರಬೇಕು. ಇಲ್ಲದಿದ್ದರೆ ಹೀರುವಿಕೆ ವ್ಯರ್ಥ. ಚೀಲ ಅರ್ಧ ತುಂಬುತ್ತಲೇ ಬರಿದು ಮಾಡಬೇಕು.

3. ಗಾಳಿಯ ದಿಕ್ಕು: ರಾಗಿ ತೂರುವವರಿಗೆ ಗಾಳಿಯ ದಿಕ್ಕನ್ನು ಯಾರೂ ಹೇಳಿಕೊಡಬೇಕಿಲ್ಲ. ಹೊಟ್ಟು ಮೈಮೇಲೆ ಬಾರದಂತೆ ನಿಲ್ಲುವ ಅದೇ ಜಾಣ್ಮೆ ಇಲ್ಲೂ ಬೇಕು. ಬೆನ್ನಿನ ಕಡೆಯಿಂದ ಗಾಳಿ ಬಂದು ಧೂಳನ್ನು ಎದುರಿಗೆ, ಜನರಿಲ್ಲದ ಕಡೆಗೆ ಒಯ್ಯುವಂತಿರಬೇಕು. ಫ್ಯಾನನ್ನು ಮುಖದೆದುರು ಇಡಬಾರದು. ನೆಲವನ್ನು ಪೊರಕೆಯಿಂದ ಒಣದಾಗಿ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು.

4. ಮುಖವಾಡ: ಮುಖಕ್ಕೆ ಕಟ್ಟಿದ ಟವಲ್ಲು ಅಥವಾ ಕರವಸ್ತ್ರ ದಪ್ಪ ಧೂಳನ್ನು ಮಾತ್ರ ತಡೆಯುತ್ತದೆ, ಕಾಣದ ಧೂಳು ಅದರ ಎಳೆಗಳ ನಡುವೆ ಸಲೀಸಾಗಿ ನುಸುಳುತ್ತದೆ. ಭಾರತೀಯ ಮಾನಕ ಐ.ಎಸ್. 9473ರ ಗುರುತಿರುವ ಮುಖವಾಡಗಳಲ್ಲಿ ಪುಟ್ಟಿ ಮತ್ತು ಮರದ ಧೂಳಿಗೆ ಎಫ್.ಎಫ್.ಪಿ. 2, ಸೀಸ ಮತ್ತು ಕ್ರೋಮೇಟಿಗೆ ಎಫ್.ಎಫ್.ಪಿ. 3 ದರ್ಜೆಯದನ್ನು ಬಳಸಬೇಕು. ಮೂಗಿನ ಬಳಿ ತಂತಿ ಒತ್ತಿ, ಅಂಚಿನಲ್ಲಿ ಗಾಳಿ ಸೋರದಂತೆ ಧರಿಸಬೇಕು. ಗಡ್ಡ ಬೆಳೆದಿದ್ದರೆ ಅಂಚು ಮುಖಕ್ಕೆ ಕೂಡುವುದಿಲ್ಲ. ಧೂಳಿನ ಮುಖವಾಡ ಥಿನ್ನರಿನ ಆವಿಯನ್ನು ತಡೆಯಲಾರದು. ಬಣ್ಣ ಹೊಡೆಯುವಾಗ ಬೇರೆಯದೇ ಬೇಕು. ಎಣ್ಣೆ ಹಾಕಿ ನಡೆಸುವ ಕಂಪ್ರೆಸರಿನ ಗಾಳಿಯನ್ನು ಉಸಿರಾಟಕ್ಕೆ ಎಂದೂ ಬಳಸಬಾರದು.

ಅದುರುವಿಕೆ, ಶಬ್ದ, ಬೆಂಕಿ

ಉಜ್ಜುಯಂತ್ರದ ಅದುರುವಿಕೆ ಬೆರಳುಗಳ ರಕ್ತನಾಳ ಮತ್ತು ನರಗಳಿಗೆ ಪೆಟ್ಟು ಕೊಡುತ್ತದೆ. ಅಮೆರಿಕದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಅವರು ಇಂಡಿಯಾನಾ ರಾಜ್ಯದ ಕಲ್ಲುಕುಟಿಗರಲ್ಲಿ ಇದನ್ನು 1918ರಲ್ಲೇ ವಿವರಿಸಿದರು. ಗಾಳಿ ಸುತ್ತಿಗೆ ಹಿಡಿದವರ ಬೆರಳುಗಳು ಚಳಿಯಲ್ಲಿ ಬಿಳಿಚಿಕೊಂಡು ಜೋಮು ಹಿಡಿಯುತ್ತಿದ್ದವು. ರಾತ್ರಿ ಬೆರಳು ಜುಮುಗುಡುವುದು, ಅಂಗಿಯ ಗುಂಡಿ ಹಾಕಲು ಕಷ್ಟವಾಗುವುದು ಇದರ ಮೊದಲ ಸೂಚನೆಗಳು. ಯಂತ್ರವನ್ನು ಹದವಾಗಿ ಹಿಡಿಯಬೇಕು, ಬಿಗಿಯಾಗಿ ಹಿಸುಕಬಾರದು. ಸವೆದ ಪ್ಯಾಡು, ಮೊಂಡಾದ ಬಿಲ್ಲೆ ಬದಲಿಸಬೇಕು. ಒಬ್ಬನೇ ದಿನವಿಡೀ ಉಜ್ಜುವ ಬದಲು ಇಬ್ಬರು ಸರದಿಯಲ್ಲಿ ಮಾಡುವುದು ಒಳ್ಳೆಯದು.

ಒಂದು ಮೀಟರು ದೂರದಲ್ಲಿರುವವರೊಡನೆ ಕೂಗಿ ಮಾತನಾಡಬೇಕಾದರೆ ಆ ಶಬ್ದ ಕಿವಿಗೆ ಹಾನಿಕರವಾದ ಮಟ್ಟ ಮುಟ್ಟಿದೆ ಎಂದು ತಿಳಿಯಬೇಕು. ಅಲ್ಲಿ ಕಿವಿಗೆ ಪ್ಲಗ್ಗು ಹಾಕಿಕೊಳ್ಳಬೇಕು. ಬರೀ ಹತ್ತಿ ತುರುಕಿದರೆ ಸಾಲದು.

ಥಿನ್ನರು, ಪುಟ್ಟಿಯ ಹಾರ್ಡನರು, ಬಣ್ಣದ ಡಬ್ಬಿಗಳನ್ನು ಉಜ್ಜುವ ಜಾಗದಿಂದ ದೂರವಿಡಬೇಕು. ಅಲ್ಯುಮಿನಿಯಂ ಧೂಳು ಬೇಗ ಹೊತ್ತಿಕೊಳ್ಳುವ ವಸ್ತು; ಅದಕ್ಕೆ ಕಬ್ಬಿಣದ ಗ್ರೈಂಡಿಂಗ್ ಕಿಡಿ ತಾಗಬಾರದು.

ಕೆಲಸದ ಕ್ರಮ

ಕೆಲಸಕ್ಕೆ ಮುನ್ನ:
- ಪೈಪು, ಕ್ಲಾಂಪು, ಗೇಜು, ಸೇಫ್ಟಿ ವಾಲ್ವು ನೋಡಬೇಕು.
- ರೆಗ್ಯುಲೇಟರನ್ನು ಯಂತ್ರದ ಮೇಲೆ ಬರೆದ ಒತ್ತಡಕ್ಕೆ ಹೊಂದಿಸಬೇಕು.
- ಬಿಲ್ಲೆಯ ಮೇಲಿನ ಗರಿಷ್ಠ ವೇಗ ಯಂತ್ರದ ವೇಗಕ್ಕಿಂತ ಕಡಿಮೆಯಿರಬಾರದು.
- ಕನ್ನಡಕ, ಮುಖವಾಡ, ಕಿವಿ ಪ್ಲಗ್ಗು ಧರಿಸಬೇಕು. ಸಡಿಲ ತೋಳಿನ ಅಂಗಿ, ಕೊರಳ ಟವಲ್ಲು, ಕೈಯ ಕಡಗ ತೆಗೆಯಬೇಕು.

ಕೆಲಸದ ನಡುವೆ:
- ಬಿಲ್ಲೆ ಬದಲಿಸುವ ಮುನ್ನ ವಾಲ್ವು ಮುಚ್ಚಿ, ಪೈಪಿನ ಗಾಳಿ ಬಿಟ್ಟು, ಪೈಪು ಕಳಚಬೇಕು.
- ಬಿಟ್ಟೊಡನೆ ನಿಲ್ಲುವ ಗುಂಡಿಯನ್ನು ತಂತಿಯಿಂದ ಕಟ್ಟಿ ಸದಾ ನಡೆಯುವಂತೆ ಮಾಡಬಾರದು.
- ಪ್ಯಾಡು ಪೂರ್ತಿ ನಿಂತ ಮೇಲೆಯೇ ಯಂತ್ರವನ್ನು ಕೆಳಗಿಡಬೇಕು.

ಕೆಲಸದ ನಂತರ:
- ಟ್ಯಾಂಕಿನ ನೀರು ಬಿಟ್ಟು, ಯಂತ್ರಕ್ಕೆ ತಕ್ಕ ಎಣ್ಣೆಯ ಹನಿ ಹಾಕಬೇಕು.
- ಕೈ, ಮುಖ ಸೋಪಿನಿಂದ ತೊಳೆದ ಮೇಲೆಯೇ ಊಟ, ಕಾಫಿ, ಬೀಡಿ.
- ಕೆಲಸದ ಬಟ್ಟೆಯನ್ನು ಅಲ್ಲೇ ಬಿಚ್ಚಿಟ್ಟು, ಮನೆಯ ಬಟ್ಟೆಯೊಡನೆ ಬೆರೆಸದೆ ಒಗೆಯಬೇಕು.

ಕಾಯಿದೆ ಮತ್ತು ವೈದ್ಯಕೀಯ ನೆರವು

ಧೂಳನ್ನು ಹುಟ್ಟುವ ಜಾಗದ ಹತ್ತಿರವೇ ಹೀರಿ ತೆಗೆಯಬೇಕೆಂದು 1948ರ ಕಾರ್ಖಾನೆ ಕಾಯಿದೆಯಲ್ಲೇ ಹೇಳಲಾಗಿತ್ತು. ಅದರ ಸ್ಥಾನದಲ್ಲಿ ಬಂದ 2020ರ ವೃತ್ತಿ ಸುರಕ್ಷತೆ, ಆರೋಗ್ಯ ಹಾಗೂ ಕೆಲಸದ ಸ್ಥಿತಿಗತಿಗಳ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಸೀಸದ ವಿಷ ಮತ್ತು ಸಿಲಿಕೋಸಿಸ್ ಎರಡೂ ವರದಿ ಮಾಡಲೇಬೇಕಾದ ವೃತ್ತಿರೋಗಗಳ ಪಟ್ಟಿಯಲ್ಲಿವೆ. ಆದರೆ ಮೂರು ನಾಲ್ಕು ಜನರ ಷೆಡ್ಡುಗಳು ಸಾಮಾನ್ಯವಾಗಿ ಇಂಥ ಕಾಯಿದೆಯ ವ್ಯಾಪ್ತಿಗೆ ಬರುವುದಿಲ್ಲ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವಲ್ಲಿ ಕಾರ್ಮಿಕ ರಾಜ್ಯ ವಿಮೆಯ ಸೌಲಭ್ಯ ಪಡೆಯಬಹುದು. ಇಂದಿರಾನಗರದಲ್ಲಿ ಇದರ ಆಸ್ಪತ್ರೆಯಿದೆ. ವಿಮೆ ಇಲ್ಲದವರು ಶಿವಾಜಿನಗರದ ಬೌರಿಂಗ್ ಮತ್ತು ಲೇಡಿ ಕರ್ಜನ್ ಸರ್ಕಾರಿ ಆಸ್ಪತ್ರೆಗೆ ಹೋಗಬಹುದು. ವೃತ್ತಿರೋಗಗಳ ಅಧ್ಯಯನಕ್ಕೆಂದೇ ಇರುವ ದಕ್ಷಿಣ ಪ್ರಾದೇಶಿಕ ಕೇಂದ್ರ ದೇವನಹಳ್ಳಿ ತಾಲ್ಲೂಕಿನ ಕನ್ನಮಂಗಲದಲ್ಲಿದೆ. ಯಾವ ವೈದ್ಯರ ಬಳಿ ಹೋದರೂ ಮಾಡುವ ಕೆಲಸ ಯಾವುದು, ಎಷ್ಟು ವರ್ಷದಿಂದ ಎಂಬುದನ್ನು ಮೊದಲೇ ಹೇಳಬೇಕು. ಹಾಗೆ ಹೇಳದಿದ್ದರೆ ಸೀಸದ ಹೊಟ್ಟೆನೋವಿಗೆ ಅಜೀರ್ಣದ ಮಾತ್ರೆ ಸಿಗುತ್ತದೆ, ಸಿಲಿಕೋಸಿಸ್ಸಿನ ಕೆಮ್ಮಿಗೆ ಕ್ಷಯದ ಔಷಧಿಯೊಂದೇ ಸಿಗುತ್ತದೆ.

ರೈತರು ಮತ್ತು ವಿಸ್ತರಣಾ ಕಾರ್ಯಕರ್ತರು ಮಾಡಬಹುದಾದುದು

ಟ್ರ್ಯಾಕ್ಟರನ್ನು ಬಣ್ಣಕ್ಕೆ ಬಿಡುವ ರೈತರು ದರ ಕೇಳುವಾಗ ಇನ್ನೂ ಮೂರು ಮಾತು ಕೇಳಬೇಕು: ಹಳೆಯ ಬಣ್ಣವನ್ನು ನೀರು ಹಾಕಿ ತೆಗೆಯುತ್ತಾರೆಯೇ, ಉಜ್ಜುಯಂತ್ರಕ್ಕೆ ಧೂಳಿನ ಚೀಲವಿದೆಯೇ, ಹುಡುಗರಿಗೆ ಸರಿಯಾದ ಮುಖವಾಡ ಕೊಟ್ಟಿದ್ದಾರೆಯೇ. ಇದಕ್ಕಾಗಿ ಸ್ವಲ್ಪ ಹೆಚ್ಚು ಕೂಲಿ, ಒಂದು ದಿನ ಹೆಚ್ಚು ಸಮಯ ಕೇಳಿದರೆ ಒಪ್ಪಿಕೊಳ್ಳುವುದು ನ್ಯಾಯ. ಗಿರಾಕಿ ಅವಸರ ಮಾಡಿದಷ್ಟೂ ಷೆಡ್ಡಿನಲ್ಲಿ ಧೂಳು ಹೆಚ್ಚುತ್ತದೆ.

ವಿಸ್ತರಣಾ ಕಾರ್ಯಕರ್ತರು ಯಂತ್ರ ದುರಸ್ತಿಯ ತರಬೇತಿಗಳಲ್ಲಿ ಟಾರ್ಚಿನ ಪರೀಕ್ಷೆಯನ್ನು ಮಾಡಿ ತೋರಿಸಬಹುದು. ಅದೇ ಹಲಗೆಯನ್ನು ಮೊದಲು ಒಣದಾಗಿ, ಆಮೇಲೆ ಧೂಳಿನ ಚೀಲ ಜೋಡಿಸಿ ಉಜ್ಜಿ ತೋರಿಸಿದರೆ ವ್ಯತ್ಯಾಸ ಎಲ್ಲರಿಗೂ ಕಾಣುತ್ತದೆ. ಬಾಡಿಗೆ ಯಂತ್ರಗಳ ಕೇಂದ್ರ ನಡೆಸುವವರೂ, ಊರಿನಲ್ಲಿ ಷೆಡ್ಡು ಹಾಕಿರುವ ಯುವಕರೂ ಇದನ್ನು ನೋಡುವಂತೆ ಮಾಡಬೇಕು.

ಕೆರೆದ ಕಬ್ಬಿಣಕ್ಕೆ ಮತ್ತೆ ಬಣ್ಣ ಹೊಡೆಯಬಹುದು, ಸವೆದ ಪ್ಯಾಡನ್ನು ಬದಲಿಸಬಹುದು. ಧೂಳು ತಿಂದ ಶ್ವಾಸಕೋಶಕ್ಕೆ ಬದಲಿ ಭಾಗ ಯಾವ ಗುಜರಿಯಲ್ಲೂ ಸಿಗುವುದಿಲ್ಲ. ಕೆಟ್ಟ ಮೇಲೆ ಬುದ್ಧಿ ಬರುವುದಕ್ಕಿಂತ, ಯಂತ್ರದ ಗುಂಡಿ ಒತ್ತುವ ಮುನ್ನವೇ ಎಚ್ಚರ ವಹಿಸುವುದು ಮೇಲು.